ಕಾವೇರಿ ಸುದ್ದಿ: ಅಂಕಿ ಒಂದೇ, ತಲೆಬರಹ ಎರಡು

ಮಾನ್ಯ ಸಂಪಾದಕರೇ,

ತಮಿಳುನಾಡಿಗೆ ನೀರು ಬಿಡುವಂತೆ ಕಾವೇರಿ ಆದೇಶ ಬಂದ ಮರುದಿನ ಇಲ್ಲಿನ ಪತ್ರಿಕೆಯನ್ನೂ ಚೆನ್ನೈ ಕಡೆಯದನ್ನೂ ಒಟ್ಟಿಗೆ ಓದಿದರೆ ಎರಡು ಬೇರೆ ನದಿಗಳ ಸುದ್ದಿ ಎನಿಸುತ್ತದೆ. ಹಾಗೆಂದು ಯಾರೂ ಸುಳ್ಳು ಬರೆದಿರುವುದಿಲ್ಲ. ಯಾವ ಅಂಕಿ ತಲೆಬರಹಕ್ಕೆ ಹೋಯಿತು, ಯಾವುದು ಒಳಪುಟದಲ್ಲೂ ಕಾಣಲಿಲ್ಲ ಎಂಬುದರಲ್ಲೇ ಪಕ್ಷಪಾತ ಮುಗಿದಿರುತ್ತದೆ.

2023ರ ಆಗಸ್ಟ್ ಕೊನೆಯ ಆದೇಶ ನೋಡಿ: 15 ದಿನ, ಪ್ರತಿದಿನ 5,000 ಕ್ಯೂಸೆಕ್ (ಸೆಕೆಂಡಿಗೆ 5,000 ಘನ ಅಡಿ) ಹರಿವು. ಒಂದು ಕ್ಯೂಸೆಕ್ ಇಡೀ ದಿನ ಹರಿದರೆ 86,400 ಘನ ಅಡಿ. ಅಂದರೆ 5,000 ಕ್ಯೂಸೆಕ್‌ಗೆ ದಿನಕ್ಕೆ 0.43 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), 15 ದಿನಕ್ಕೆ ಸುಮಾರು 6.5 ಟಿಎಂಸಿ. ‘5,000’ ಎಂದು ದಪ್ಪಕ್ಷರದಲ್ಲಿ ಹಾಕಿದರೆ ಅಣೆಕಟ್ಟೆ ಬರಿದಾದಂತೆ ಕಾಣುತ್ತದೆ. 24,000 ಕ್ಯೂಸೆಕ್ ಕೇಳಿದ್ದ ತಮಿಳುನಾಡಿನವರಿಗೆ ಅದೇ ಅಂಕಿ ಅನ್ಯಾಯದ ಪುರಾವೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ತಮಿಳುನಾಡಿನ ಆಗಸ್ಟ್ ತಿಂಗಳ ಪಾಲು 45.95 ಟಿಎಂಸಿ ಎಂಬುದನ್ನು ನಮ್ಮವರು ಪಕ್ಕದಲ್ಲಿ ಬರೆಯುವುದು ಅಪರೂಪ. ಅದು ವಾಡಿಕೆ ಮಳೆಯ ವರ್ಷದ ಲೆಕ್ಕ ಎಂಬುದನ್ನು ಚೆನ್ನೈಯವರು ಬರೆಯುವುದು ಇನ್ನೂ ಅಪರೂಪ.

ಅಳೆಯುವ ಜಾಗದ ಗೊಂದಲ ಇದಕ್ಕಿಂತ ದೊಡ್ಡದು. ಕೆಆರ್‌ಎಸ್ ಹೊರಹರಿವನ್ನು ಪೂರ್ತಿಯಾಗಿ ‘ತಮಿಳುನಾಡಿಗೆ ಬಿಟ್ಟ ನೀರು’ ಎಂದು ಬರೆಯುವುದುಂಟು. ಅದರಲ್ಲಿ ವಿ.ಸಿ. ನಾಲೆಗೆ, ಅಂದರೆ ಮಂಡ್ಯದ ಗದ್ದೆಗಳಿಗೆ ಹೋದದ್ದೂ ಸೇರಿರಬಹುದು. ಲೆಕ್ಕಕ್ಕೆ ಬರುವುದು ಗಡಿಯ ಬಿಳಿಗುಂಡ್ಲುವಿನ ಮಾಪನ. ಅಲ್ಲಿಗೆ ತಲುಪುವಷ್ಟರಲ್ಲಿ ಕಬಿನಿ, ಶಿಂಷಾ, ಅರ್ಕಾವತಿ ಸೇರಿರುತ್ತವೆ (ಬೆಂಗಳೂರಿನ ಚರಂಡಿ ನೀರೂ ಅರ್ಕಾವತಿಯ ಮೂಲಕ ಈ ಲೆಕ್ಕಕ್ಕೆ ಬರುತ್ತದೆ!). ಹೀಗಾಗಿ ಒಂದೇ ದಿನದ ಎರಡು ಅಂಕಿ ತಾಳೆಯಾಗದಿದ್ದರೆ ಯಾರೋ ಕಳ್ಳಲೆಕ್ಕ ಕೊಟ್ಟರೆಂದೇ ಅರ್ಥವಲ್ಲ.

ಅಡಿಯ ಲೆಕ್ಕವೂ ದಾರಿ ತಪ್ಪಿಸುತ್ತದೆ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ. ಜಲಾಶಯ ಮೇಲೆ ಹೋದಂತೆ ಅಗಲವಾಗುವುದರಿಂದ 100 ಅಡಿಯಲ್ಲಿ ಇರುವುದು ಅರ್ಧಕ್ಕಿಂತ ಕಡಿಮೆ ನೀರು. ‘ಇನ್ನೂ 100 ಅಡಿ ಇದೆ’ ಎಂದು ಆಚೆಯವರು ಬರೆದರೆ ನಮಗೆ ಸಿಟ್ಟು ಬರುತ್ತದೆ. ತಮಿಳುನಾಡಿನ ಮೆಟ್ಟೂರು ಜಲಾಶಯದ ವಿಷಯದಲ್ಲಿ ನಾವು ಮಾಡುವುದೂ ಅದನ್ನೇ. ಇನ್ನು ದಿನಾಂಕವಿಲ್ಲದ ಸಂಗ್ರಹ ಚಿತ್ರಗಳು: ಬಿರುಕು ಬಿಟ್ಟ ನೆಲದ ಫೋಟೊ ಯಾವ ವರ್ಷದ್ದೆಂದು ಕೇಳುವವರಿಲ್ಲ.

ಜೂನ್ 1ರಿಂದ ಮೇ 31ರವರೆಗಿನ ಜಲವರ್ಷದುದ್ದಕ್ಕೂ ತಮ್ಮ ಜಲಾಶಯ ಮಟ್ಟದ ಕೋಷ್ಟಕಕ್ಕೆ ನಾಲ್ಕು ಅಂಕಣ ಸೇರಿಸಬೇಕೆಂದು ಕೋರುತ್ತೇವೆ: ನದಿಗೆ ಬಿಟ್ಟ ನೀರು ಮತ್ತು ನಾಲೆಗೆ ಬಿಟ್ಟ ನೀರು ಬೇರೆಬೇರೆಯಾಗಿ, ಬಿಳಿಗುಂಡ್ಲುವಿನ ಹರಿವು, ಜೂನ್ 1ರಿಂದ ಅಲ್ಲಿ ದಾಟಿದ ಒಟ್ಟು ಟಿಎಂಸಿ. ಮೆಟ್ಟೂರಿನ ಸಂಗ್ರಹವನ್ನೂ ಅಡಿಯ ಜೊತೆ ಟಿಎಂಸಿಯಲ್ಲಿ ಕೊಡಿ.

– ಕಾವೇರಿ ಕಣಿವೆಯ ಓದುಗರು, ಮಂಡ್ಯ