ಕ್ಲಾತ್ ಸ್ಟಿಚ್ ಪಟ್ಟಿ: ಅಂಚು ಕೆಡದಿರಲು

ಎಲ್ಲರ ಗಮನಕ್ಕೆ: ಗುಂಪಿಗೆ ಬರುತ್ತಿರುವ ಬಾಬಿನ್ ಲೇಸ್ (ನೂಲು ಸುತ್ತಿದ ಕಡ್ಡಿಗಳನ್ನು, ಅಂದರೆ ಬಾಬಿನ್‌ಗಳನ್ನು, ಜೋಡಿಜೋಡಿಯಾಗಿ ಹೆಣೆದು ಮಾಡುವ ಲೇಸ್) ಫೋಟೊಗಳಲ್ಲಿ ಪಟ್ಟಿಯ ಅಂಚು ಒಳಕ್ಕೆ ಸೆಳೆದುಕೊಂಡಿರುವುದೇ ಹೆಚ್ಚು. ಹಾಗಾಗಿ ಮೊದಲು ಅಂಚಿನ ವಿಷಯ.

ಅಡ್ಡ ಓಡುವ ಬಾಬಿನ್ ಜೋಡಿ, ಉದ್ದಕ್ಕೆ ಇಳಿಬಿದ್ದ ಜೋಡಿಗಳಲ್ಲಿ ಕೊನೆಯದನ್ನು ದಾಟಿದ ಮೇಲೆ, ಓಡುವ ಜೋಡಿಗೆ 2 ಟ್ವಿಸ್ಟ್ (ಬಲದ್ದು ಎಡದ್ದರ ಮೇಲೆ) ಕೊಟ್ಟು, ಅದರ ಒಳಮಗ್ಗುಲಿಗೆ ಪಿನ್ ಚುಚ್ಚಿ. ಪಿನ್ನಿನ ತಲೆ ತುಸು ಹೊರಕ್ಕೆ, ಹಿಂದಕ್ಕೆ ವಾಲಿರಲಿ. ನೆಟ್ಟಗಿದ್ದರೆ ಎಳೆತಕ್ಕೆ ಒಳಗೆ ಬಾಗುತ್ತದೆ, ಲೇಸ್ ಕೆಳಗಿನ ಮಾದರಿ ಕಾರ್ಡನ್ನು ಬಿಟ್ಟು ಮೇಲೇಳುತ್ತದೆ. ಪಿನ್ ನಿಂತ ಮೇಲಷ್ಟೇ ಓಡುವ ಜೋಡಿಯನ್ನು ಬಿಗಿ ಮಾಡಿ, ಆಮೇಲೆ ಉದ್ದ ಜೋಡಿಗಳನ್ನೂ ಮೆಲ್ಲಗೆ ಕೆಳಕ್ಕೆಳೆಯಿರಿ. ಬಹಳ ಜನ ಮರೆಯುವುದು ಇದನ್ನೇ. ಮರೆತರೆ ಉದ್ದ ನೂಲುಗಳು ಅಲೆಯಲೆಯಾಗಿ ಒಂದೆಡೆ ಗುಂಪಾಗುತ್ತವೆ.

ಹೊಸಬರಿಗೆ: ಎರಡು ಜೋಡಿಯ ನಾಲ್ಕು ಬಾಬಿನ್‌ಗಳನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಎಡದಿಂದ ಎಣಿಸಿ. ಕ್ರಾಸ್ ಅಂದರೆ 2ನೆಯದು 3ರ ಮೇಲೆ. ಟ್ವಿಸ್ಟ್ ಅಂದರೆ 2ನೆಯದು 1ರ ಮೇಲೆ, 4ನೆಯದು 3ರ ಮೇಲೆ. ಕ್ರಾಸ್, ಟ್ವಿಸ್ಟ್, ಕ್ರಾಸ್ ಆದರೆ ಒಂದು ಕ್ಲಾತ್ ಸ್ಟಿಚ್. ಉದ್ದ ನೂಲು ಓರೆಯಾಗಿ ಹೊರಟಿತೋ, ಎಲ್ಲೋ ಒಂದು ಹೆಜ್ಜೆ ತಪ್ಪಿದೆ. ಕತ್ತರಿ ಹಾಕಬೇಡಿ, ಹಿಂದಕ್ಕೆ ಬಿಚ್ಚಿ: ಕ್ರಾಸ್ ಬಿಚ್ಚಲು 3ನೆಯದನ್ನು 2ರ ಮೇಲೆ ತನ್ನಿ, ಟ್ವಿಸ್ಟ್ ಬಿಚ್ಚಲು ಎಡದ್ದನ್ನು ಬಲದ್ದರ ಮೇಲೆ.

ಹಿಂದಿನ ಪಿನ್ ಕೀಳಲು ಅವಸರ ಬೇಡ. ಕನಿಷ್ಠ 5 ಸೆಂ.ಮೀ.ವರೆಗಿನವು ಹಾಗೇ ಇರಲಿ. ತುಕ್ಕು ಹಿಡಿಯುವ ಪಿನ್ ಮಾತ್ರ ದಯವಿಟ್ಟು ಬಳಸಬೇಡಿ, ಬಿಳಿ ನೂಲಿಗೆ ಹಿಡಿದ ತುಕ್ಕಿನ ಕಲೆ ಸುಲಭಕ್ಕೆ ಹೋಗುವುದಿಲ್ಲ.