ಗೀಸರ್ ನೀರು ಬಿಸಿಯಾಗದಿದ್ದರೆ ಮೊದಲು ಇಷ್ಟು ನೋಡಿ

ಎಲ್ಲರಿಗೂ ನಮಸ್ಕಾರ. ಕಕ್ಕಡ (ನಮ್ಮ ಕೊಡಗಿನ ಜೋರು ಮಳೆಯ ತಿಂಗಳು) ಶುರುವಾದಾಗಿನಿಂದ ಗುಂಪಿನಲ್ಲಿ ದಿನಾ ಒಂದೇ ದೂರು, ಬಿಸಿನೀರು ಬರ್ತಿಲ್ಲ ಅಂತ. ಈ ಮಳೆಯಲ್ಲಿ ಮಡಿಕೇರಿಯಿಂದ ಮೆಕ್ಯಾನಿಕ್ ಬರೋದು ಯಾವಾಗಲೋ. ಅಷ್ಟರೊಳಗೆ ನೀವೇ ಸ್ವಲ್ಪ ನೋಡಿಕೊಳ್ಳಿ.

ಗೀಸರ್ ದೀಪ ಉರಿಯದಿದ್ದರೆ ಎಂಸಿಬಿ (ತೊಂದರೆಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಬಿದ್ದಿರಬಹುದು. ಒಂದು ಸಲ ಎತ್ತಿ ನೋಡಿ. ಮತ್ತೆ ಬಿದ್ದರೆ ಸುಮ್ನೆ ಬಿಟ್ಟುಬಿಡಿ. ಒಳಗೆ ನೀರು ಕಾಯಿಸುವ ಕಾಯಿಲ್ ಒಡೆದು ನೀರಿಗೆ ಕರೆಂಟ್ ಇಳಿಯುತ್ತಿರಬಹುದು. ಮುಚ್ಚಳವನ್ನಂತೂ ನೀವು ಬಿಚ್ಚಬೇಡಿ.

ದೀಪ ಉರಿಯುತ್ತಿದೆ, ನೀರು ಮಾತ್ರ ಉಗುರು ಬೆಚ್ಚಗಿದೆ ಅಂದರೆ ವೋಲ್ಟೇಜ್ ಕಮ್ಮಿ ಇದೆಯಾ ನೋಡಿ. ನಮ್ಮ ಕಡೆ ಇದೇ ಜಾಸ್ತಿ ಅಲ್ವಾ. 230 ವೋಲ್ಟ್‌ಗೆ 2000 ವಾಟ್ ಎಳೆಯುವ ಕಾಯಿಲ್ 160 ವೋಲ್ಟ್‌ನಲ್ಲಿ ಸಾವಿರ ವಾಟ್ ಕೂಡ ಎಳೆಯುವುದಿಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ ಬೇಕು. ಹೋದ ವಾರ ನಾನೂ ಗೀಸರ್ ಕೆಟ್ಟಿತು ಅಂತ ಬೈದುಕೊಂಡೆ. ಆಮೇಲೆ ಅಡುಗೆಮನೆಗೆ ಹೋಗಿ ನೋಡಿದರೆ ಫ್ರಿಜ್ ಸ್ಟೆಬಿಲೈಸರ್‌ನ ಮುಳ್ಳು 150ರ ಹತ್ತಿರ ನಡುಗುತ್ತಾ ನಿಂತಿತ್ತು! ಹಾಗಿದ್ದಾಗ ಬೆಳಗಿನ ಜಾವವೇ ಸ್ವಿಚ್ ಹಾಕಿ, ಆಗ ವೋಲ್ಟೇಜ್ ಪರವಾಗಿಲ್ಲ.

ವೋಲ್ಟೇಜ್ ಸರಿ ಇದ್ದೂ ಒಂದು ಗಂಟೆಗೆ ಬಿಸಿಯಾಗದಿದ್ದರೆ ಕಾಯಿಲ್ ಹೋಗಿರಬಹುದು. ಆಗ ಮೆಕ್ಯಾನಿಕ್‌ಗೇ ಹೇಳಬೇಕು.

ಸೌದೆ ಬಾಯ್ಲರ್ ಇರುವವರು ಹೊಗೆ ಕೊಳವೆ ತಟ್ಟಿ ಮಸಿ ಉದುರಿಸಿ. ಮಸಿ ಕಟ್ಟಿದರೆ ಹೊಗೆಯೆಲ್ಲ ಬಚ್ಚಲಿಗೇ ಬರುತ್ತದೆ, ನೀರು ಕಾಯುವುದಿಲ್ಲ. ಹಸಿ ಸಿಲ್ವರ್ ಓಕ್ ತುರುಕಬೇಡಿ. ಒಣಗಿದ ಕಾಫಿ ಸೌದೆ ಯಾರ ಹತ್ತಿರವಾದರೂ ಜಾಸ್ತಿ ಇದ್ದರೆ ಇಲ್ಲೇ ತಿಳಿಸಿ, ನನಗೂ ಎರಡು ಹೊರೆ ಬೇಕು.