ಬ್ರಿಸ್ಟಲ್‌ನ ಮತದಾರರನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ವಂಶ ರಾಜಕಾರಣದ ಚರ್ಚೆ ಬಂದಾಗ ಬ್ರಿಟನ್ನಿನ ಲೇಬರ್ ನಾಯಕ ಟೋನಿ ಬೆನ್ ಅವರನ್ನು ವಂಶಪಾರಂಪರ್ಯದ ಲಾರ್ಡ್ ಪದವಿ ತ್ಯಾಗ ಮಾಡಿದ ಮಹಾನುಭಾವ ಎಂದು ಕೊಂಡಾಡುವವರಿದ್ದಾರೆ. ಬೆನ್ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ ಅದನ್ನು ಒಬ್ಬರ ತ್ಯಾಗವೆಂದು ಮಾತ್ರ ಹೇಳಿದರೆ ಅವರನ್ನು ಆರಿಸಿದ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದ ಮತದಾರರಿಗೆ ಅನ್ಯಾಯವಾಗುತ್ತದೆ.

ಬೆನ್ ಅವರ ತಂದೆ 1929ರಿಂದ 1931ರವರೆಗೆ ಬ್ರಿಟಿಷ್ ಸಂಪುಟದಲ್ಲಿ ಭಾರತದ ಖಾತೆ ನೋಡಿಕೊಂಡವರು. ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಬಂದ ಗಾಂಧೀಜಿಯನ್ನು ಬಾಲಕ ಟೋನಿ ಕಂಡಿದ್ದರು. 1942ರಲ್ಲಿ ತಂದೆ ಲಾರ್ಡ್ ಪದವಿ ಪಡೆದು ವೈಕೌಂಟ್ ಸ್ಟಾನ್ಸ್‌ಗೇಟ್ ಆದರು. ಆ ಪದವಿ ಹಿರಿಯ ಮಗ ಮೈಕೆಲ್‌ಗೆ ಸಲ್ಲಬೇಕಿತ್ತು. ಅವರು 1944ರಲ್ಲಿ ವಾಯುಪಡೆಯ ಸೇವೆಯಲ್ಲಿದ್ದಾಗಲೇ ತೀರಿಕೊಂಡರು. 1960ರ ನವೆಂಬರಿನಲ್ಲಿ ತಂದೆಯೂ ಹೋದರು. ಹತ್ತು ವರ್ಷ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿದ್ದ ಟೋನಿ ಅಂದೇ ಸ್ಥಾನ ಕಳೆದುಕೊಂಡರು. ಲಾರ್ಡ್ ಆದವರು ಅಲ್ಲಿ ಕೂರುವಂತಿರಲಿಲ್ಲ, ಪದವಿ ಬೇಡವೆನ್ನಲು ಕಾನೂನಿನಲ್ಲಿ ದಾರಿಯೂ ಇರಲಿಲ್ಲ.

1961ರ ಮೇ ತಿಂಗಳ ಉಪಚುನಾವಣೆಗೆ ಬೆನ್ ಮತ್ತೆ ನಿಂತರು. ಗೆದ್ದರೂ ಒಳಗೆ ಬಿಡುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ಆದರೂ ಜನ ಅವರಿಗೆ 23,275 ಮತ ಕೊಟ್ಟರು. ಎದುರಾಳಿ ಮಾಲ್ಕಮ್ ಸೇಂಟ್ ಕ್ಲೇರ್‌ಗೆ ಬಿದ್ದದ್ದು 10,231. ಚುನಾವಣಾ ನ್ಯಾಯಾಲಯ ಸೋತವರಿಗೇ ಸ್ಥಾನ ಕೊಟ್ಟಿತು. ಆ ಸೇಂಟ್ ಕ್ಲೇರ್ ಕೂಡ ಮುಂದೆ ಲಾರ್ಡ್ ಆಗಬೇಕಿದ್ದ ವಾರಸುದಾರರೇ! ಜನರ ಈ ಹಟವಿಲ್ಲದಿದ್ದರೆ ಪದವಿ ಬಿಡಲು ದಾರಿ ತೆರೆದ 1963ರ ಜುಲೈ 31ರ ಕಾನೂನು ಅಷ್ಟು ಬೇಗ ಬರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಅಂದು ಸಂಜೆಯೇ ಬೆನ್ ಪದವಿ ಬಿಟ್ಟರು. ಸೇಂಟ್ ಕ್ಲೇರ್ ಕೊಟ್ಟ ಮಾತಿನಂತೆ ಬೆನ್ ಮರಳಲೆಂದು ರಾಜೀನಾಮೆ ನೀಡಿದರು, ಅದು ಅವರ ದೊಡ್ಡತನ.

ಅದೇ ವರ್ಷ ಬ್ರಿಸ್ಟಲ್‌ನ ಬಸ್ ಕಂಪನಿ ಕರಿಯರನ್ನೂ ಏಷ್ಯನ್ನರನ್ನೂ ನಿರ್ವಾಹಕರನ್ನಾಗಿ ತೆಗೆದುಕೊಳ್ಳದಿದ್ದಾಗ ನಡೆದ ಬಹಿಷ್ಕಾರವನ್ನು ಬೆನ್ ಬಹಿರಂಗವಾಗಿ ಬೆಂಬಲಿಸಿದರು. ಕಂಪನಿ ಆಗಸ್ಟಿನಲ್ಲಿ ಮಣಿಯಿತು. ಬಳಿಕ ನೇಮಕವಾದ ಬಿಳಿಯರಲ್ಲದ ಮೊದಲ ನಿರ್ವಾಹಕ ರಘಬೀರ್ ಸಿಂಗ್ ಎಂಬ ಸಿಖ್ಖರು.

ಬೆನ್ ನಡೆಯೆಲ್ಲ ಸರಿ ಎನ್ನಲಾರೆ. 1981ರಲ್ಲಿ ಪಕ್ಷದ ಉಪನಾಯಕತ್ವಕ್ಕೆ ಅವರು ಹೂಡಿದ ಸ್ಪರ್ಧೆ ಲೇಬರ್ ಪಕ್ಷದ ಒಡಕನ್ನು ಹೆಚ್ಚಿಸಿತು. ಆದರೂ ಅಧಿಕಾರದಲ್ಲಿರುವ ಯಾರನ್ನೇ ಆಗಲಿ 'ನಿಮ್ಮನ್ನು ನಾವು ಇಳಿಸುವುದು ಹೇಗೆ?' ಎಂದು ಕೇಳಬೇಕು ಎಂದು ಅವರು ಹೇಳುತ್ತಿದ್ದುದನ್ನು ಮಕ್ಕಳ ಪಠ್ಯದಲ್ಲೇ ಸೇರಿಸಬೇಕು.

ಅವರು ಗೆದ್ದ ಕಾನೂನಿಗೂ ಮಿತಿಯಿತ್ತು. ಪದವಿ ಬಿಟ್ಟವರ ಆಯುಷ್ಯ ಮುಗಿದರೆ ಅದು ಮತ್ತೆ ವಾರಸುದಾರರಿಗೆ ಹೋಗುತ್ತದೆ. 2014ರಲ್ಲಿ ಬೆನ್ ತೀರಿಕೊಂಡಾಗ ಮಗ ಸ್ಟೀಫನ್ ವೈಕೌಂಟ್ ಆದರು. 2021ರಲ್ಲಿ ಅವರು ವಂಶಪಾರಂಪರ್ಯದ ಲಾರ್ಡ್‌ಗಳಿಗೆ ಮೀಸಲಾಗಿದ್ದ ಸ್ಥಾನವೊಂದಕ್ಕೆ ಅವಿರೋಧವಾಗಿ ಆಯ್ಕೆಯಾಗಿ ಮೇಲ್ಮನೆಯಾದ ಲಾರ್ಡ್ಸ್ ಸಭೆ ಸೇರಿದರು.

ಇತಿ,
ನಿವೃತ್ತ ರಾಜ್ಯಶಾಸ್ತ್ರ ಅಧ್ಯಾಪಕ, ಧಾರವಾಡ